ಒಂದು ಭಾನುವಾರ ನಿಮ್ಮ ತೋಟದ ಬಾಗಿಲು ತೆರೆಯಿರಿ

ಜನವರಿ ಮತ್ತು ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ಹೇಗಿರುತ್ತದೆಂದು ನಿಮಗೆ ಗೊತ್ತು. ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯೋತ್ಸವಕ್ಕೊಂದು ಫಲಪುಷ್ಪ ಪ್ರದರ್ಶನ. ಟಿಕೆಟ್ ಕೌಂಟರಿನ ಮುಂದೆ ಉದ್ದದ ಸಾಲು. ಗಾಜಿನ ಮನೆಯೊಳಗೆ ಹೂವಿನಲ್ಲೇ ಕಟ್ಟಿದ ಮಂಟಪ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುವ ಅಪ್ಪಂದಿರು. ಹೊರಗೆ ಬರುವಾಗ ಒಂದು ಕೈಯಲ್ಲಿ ಚುರುಮುರಿ ಪೊಟ್ಟಣ, ಇನ್ನೊಂದು ಕೈಯಲ್ಲಿ ಸೇವಂತಿಗೆ ಗಿಡ.

ಈ ಪ್ರದರ್ಶನವನ್ನು ತೋಟಗಾರಿಕೆ ಇಲಾಖೆಯ ಜೊತೆಗೂಡಿ ನಡೆಸುವುದು ಮೈಸೂರು ಉದ್ಯಾನಕಲಾ ಸಂಘ. ಅದು ಹುಟ್ಟಿದ್ದು 1912ರಲ್ಲಿ. ಆಗ ಲಾಲ್‌ಬಾಗಿನ ಹೊಣೆ ಹೊತ್ತಿದ್ದವರು ಕ್ರುಂಬಿಗಲ್. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡದ ಮೂಲಕ 1908ರಲ್ಲಿ ನಮ್ಮಲ್ಲಿಗೆ ಬಂದವರು. ವರ್ಷದ ಒಂದೊಂದು ಕಾಲಕ್ಕೆ ಒಂದೊಂದು ಜಾತಿಯ ಮರ ಹೂ ಬಿಡುವಂತೆ ಬೆಂಗಳೂರಿನ ಬೀದಿಗಳಿಗೆ ಸಸಿ ಆರಿಸಿದವರೆಂದು ಅವರನ್ನು ನೆನೆಯುತ್ತೇವೆ. ಅವರ ನಂತರ ಬಂದ ಎಚ್.ಸಿ. ಜವರಾಯರು, ಡಾ. ಎಂ.ಎಚ್. ಮರಿಗೌಡರು ತೋಟಗಾರಿಕೆಯನ್ನು ಅರಮನೆಯ ಅಂಗಳದಿಂದ ರೈತರ ಹೊಲಕ್ಕೆ, ಜನರ ಮನೆಗೆ ತಂದರು.

ಪ್ರದರ್ಶನದ ಹೂ ಎಲ್ಲರಿಗೂ ಕಾಣುತ್ತದೆ. ಅದರ ಹಿಂದಿನ ಒಂದು ಕೆಲಸ ಅಷ್ಟಾಗಿ ಕಾಣುವುದಿಲ್ಲ. ಪ್ರದರ್ಶನಕ್ಕೆ ಮೊದಲು ತೋಟಗಳ ಸ್ಪರ್ಧೆ ನಡೆಯುತ್ತದೆ. ತೀರ್ಪುಗಾರರು ಮನೆ, ಕಚೇರಿ, ಕಾರ್ಖಾನೆಗಳ ತೋಟಗಳಿಗೆ ಹೋಗುತ್ತಾರೆ. ಕುಂಡ ಕುಂಡದ ಮುಂದೆ ನಿಂತು ನೋಡುತ್ತಾರೆ. ತೋಟ ಮಾಡಿದವರಿಗೆ ಬಹುಮಾನಕ್ಕಿಂತ ದೊಡ್ಡ ಸಂತೋಷ ಅದು. ತಾವು ಬೆಳೆಸಿದ್ದನ್ನು ತಿಳಿದವರೊಬ್ಬರು ಬಂದು ನಿಧಾನವಾಗಿ ನೋಡಿದರಲ್ಲ!

ಆದರೆ ಸ್ಪರ್ಧೆಗೆ ಹೆಸರು ಕೊಡುವ ತೋಟಗಳು ಎಷ್ಟು? ಅದಕ್ಕಿಂತ ಎಷ್ಟೋ ಹೆಚ್ಚಿನ ತೋಟಗಳು ನಮ್ಮ ನಿಮ್ಮ ಮಹಡಿಯ ಮೇಲಿವೆ. ಸಂಪಿನ ಪಕ್ಕದಲ್ಲಿವೆ. ಬಾಲ್ಕನಿಯ ಕಂಬಿಗೆ ನೇತುಬಿದ್ದಿವೆ. ಅವನ್ನು ನೋಡಲು ಯಾರೂ ಬರುವುದಿಲ್ಲ. ಈ ಮನವಿ ಅಂಥ ತೋಟಗಳ ಪರವಾಗಿ.

ನಾನು ನಮ್ಮ ಬಡಾವಣೆಯ ಸಣ್ಣ ತೋಟಗಾರರ ಸಂಘದ ಸದಸ್ಯ. ನಮಗೆ ಕಟ್ಟಡವಿಲ್ಲ, ಬೋರ್ಡಿಲ್ಲ. ಒಂದು ನೋಟ್‌ಪುಸ್ತಕವಿದೆ, ಒಂದು ವಾಟ್ಸಾಪ್ ಗುಂಪಿದೆ. ತಿಂಗಳಿಗೊಂದು ಭಾನುವಾರ ಒಬ್ಬ ಸದಸ್ಯರ ಮನೆಯ ತೋಟ ನೋಡಲು ಹೋಗುತ್ತೇವೆ. ಉಳಿದ ಕೆಲಸಗಳು ಕಾಲಕ್ಕೆ ತಕ್ಕಂತೆ. ಮುಂಗಾರು ಹಿಡಿದಾಗ ಬೀಜ ಹಂಚುವುದು, ಕಸಿ ಕಟ್ಟುವುದನ್ನು ಕಲಿಯುವುದು. ಆಗಸ್ಟ್‌ನಲ್ಲಿ ಒಟ್ಟಿಗೆ ಲಾಲ್‌ಬಾಗ್. ನವೆಂಬರಿನಲ್ಲಿ ಜಿಕೆವಿಕೆಯ ಕೃಷಿಮೇಳ. ಅವರೆಕಾಯಿ ಸೊಗಡು ಬರುವ ಹೊತ್ತಿಗೆ ಸೊಪ್ಪಿನ ಮಡಿಗಳ ಲೆಕ್ಕ. ಬೇಸಿಗೆಗೆ ಹಸಿರು ಬಲೆ ಕಟ್ಟುವುದು, ನೀರು ಉಳಿಸುವ ಮಾತು.

ಇವೆಲ್ಲದರಲ್ಲಿ ನಮಗೆ ಹೆಚ್ಚು ಕಲಿಸಿದ್ದು ತೋಟದ ಭೇಟಿ. ಒಂದು ಭೇಟಿಯ ವಿಷಯ ಹೇಳುತ್ತೇನೆ.

ಬ್ಯಾಂಕಿನಿಂದ ನಿವೃತ್ತರಾದ ಸದಸ್ಯರೊಬ್ಬರು ಮೂರನೇ ಮಹಡಿಯ ತಾರಸಿಯಲ್ಲಿ ಹೀರೆ ಬಳ್ಳಿ ಹಬ್ಬಿಸಿದ್ದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಸುಮೀತ್ ತಳಿ. ಬಳ್ಳಿ ಸೊಂಪಾಗಿ ಬೆಳೆದಿತ್ತು. ಹೂ ಧಾರಾಳವಾಗಿತ್ತು. ಆದರೆ ಕಿರುಬೆರಳಷ್ಟಿದ್ದ ಹೀಚು ಹಳದಿಗೆ ತಿರುಗಿ ಉದುರುತ್ತಿತ್ತು. ಅವರು ಎರೆಗೊಬ್ಬರ ಹಾಕಿದ್ದರು. ಬೇವಿನ ಎಣ್ಣೆ ಸಿಂಪಡಿಸಿದ್ದರು. ನೀರು ಹೆಚ್ಚು ಮಾಡಿ ನೋಡಿದ್ದರು, ಕಡಿಮೆ ಮಾಡಿಯೂ ನೋಡಿದ್ದರು. ಫೋಟೋ ತೆಗೆದು ಗುಂಪಿಗೆ ಹಾಕಿದಾಗ ಹನ್ನೊಂದು ಜನ ಹನ್ನೊಂದು ಮದ್ದು ಹೇಳಿದ್ದರು.

ಆ ಭಾನುವಾರ ಬೆಳಿಗ್ಗೆ ನಾವು ಹದಿನೈದು ಜನ ಚಪ್ಪರದ ಕೆಳಗೆ ನಿಂತಿದ್ದೆವು. ಕುಣಿಗಲ್ ಕಡೆಯಿಂದ ಮಗನ ಮನೆಗೆ ಬಂದು ನೆಲೆಸಿದ ಅಜ್ಜಿಯೊಬ್ಬರು ಮುದುಡಿದ ಹೂವೊಂದನ್ನು ಬೆರಳಲ್ಲಿ ಮುಟ್ಟಿದರು. “ಇದು ಸಂಜೆ ಹೂವಲ್ವೇನಪ್ಪಾ? ಬೆಳಿಗ್ಗೆ ಬಂದು ನೋಡಿದ್ರೆ ಏನು ಗೊತ್ತಾಗ್ತದೆ? ದೀಪ ಹಚ್ಚೋ ಹೊತ್ತಿಗೆ ಬನ್ನಿ” ಎಂದರು.

ಸಂಜೆ ನಾಲ್ಕೈದು ಜನ ಮತ್ತೆ ಹತ್ತಿದೆವು. ಬೆಳಕು ಇಳಿಯುತ್ತಿದ್ದಂತೆ ಹಳದಿ ಹೂಗಳು ಒಂದೊಂದಾಗಿ ಅರಳಿದವು. ಅಜ್ಜಿ ಎರಡು ಬಗೆಯ ಹೂ ತೋರಿಸಿದರು. ಗಂಡು ಹೂ ಗೊಂಚಲಿನಲ್ಲಿರುತ್ತದೆ, ಅದರ ತೊಟ್ಟು ಬರೀ ತೊಟ್ಟು. ಹೆಣ್ಣು ಹೂ ಒಂಟಿ, ಅದರ ಬುಡದಲ್ಲಿ ಪುಟ್ಟ ಹೀರೆಕಾಯಿಯೇ ಇರುತ್ತದೆ. ಊರಿನಲ್ಲಿ ಸಂಜೆಯ ಪತಂಗಗಳು, ಜೇನು ಬಂದು ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತವೆ. ಮೂರನೇ ಮಹಡಿಯ ಕಾಂಕ್ರೀಟಿನ ಮೇಲೆ ಆ ನೆಂಟರು ಕಡಿಮೆ. ಅಜ್ಜಿ ಒಂದು ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿದರು. ಮಗುವಿನ ಕೆನ್ನೆಗೆ ಅರಿಶಿನ ಹಚ್ಚುವ ಹಾಗೆ. ಒಂದು ವಾರದಲ್ಲಿ ಕಾಯಿ ಹಿಡಿದವು. ಆ ಸದಸ್ಯರು ಮೊದಲ ಹೀರೆಕಾಯಿಯನ್ನು ಅಜ್ಜಿಯ ಮನೆಗೇ ಕೊಟ್ಟು ಬಂದರು.

ಬೀಜ ಚೆನ್ನಾಗಿತ್ತು. ಗೊಬ್ಬರ ಸಾಕಷ್ಟಿತ್ತು. ಕೊರತೆಯಿದ್ದದ್ದು ಸಂಜೆ ಆರೂವರೆಗೆ ಆ ಬಳ್ಳಿಯ ಮುಂದೆ ನಿಂತು ನೋಡುವ ಒಂದು ಜೊತೆ ಕಣ್ಣು. ಅದು ಸಿಕ್ಕಿದ್ದು ಅವರು ತಮ್ಮ ತೋಟದ ಬಾಗಿಲು ತೆರೆದಿದ್ದರಿಂದ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ನಮ್ಮ ಬಡಾವಣೆಯಲ್ಲಿ ಮದ್ದು ಇದ್ದದ್ದು ಹಿಂದಿನ ಬೀದಿಯ ಅಜ್ಜಿಯಲ್ಲೇ. ನಾವು ಕೇಳಿರಲಿಲ್ಲ, ಅಷ್ಟೆ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ವರ್ಷಕ್ಕೆ ಒಂದು ಭಾನುವಾರ, ಒಂದೂವರೆ ಗಂಟೆ, ನಿಮ್ಮ ತೋಟವನ್ನು ನೆರೆಹೊರೆಯವರಿಗೆ ತೆರೆಯಿರಿ.

“ನಮ್ಮದೇನು ತೋಟ, ನಾಲ್ಕು ಕುಂಡ” ಎಂದು ನೀವು ಹೇಳಬಹುದು. ನಾನೂ ಮೂರು ವರ್ಷ ಹಾಗೆಯೇ ಹೇಳಿ ತಪ್ಪಿಸಿಕೊಂಡವನು. ದಯವಿಟ್ಟು ಆ ನಾಲ್ಕು ಕುಂಡವನ್ನೇ ತೋರಿಸಿ. ಅಂಗೈಯಷ್ಟು ಜಾಗದಲ್ಲಿ ಕೊತ್ತಂಬರಿ, ಪುದೀನ, ಒಂದೆಲಗ ಬೆಳೆದವರಿಂದ ಬಾಡಿಗೆ ಮನೆಯವರು ಕಲಿಯುವುದು ಬಹಳವಿದೆ. ಮೂವತ್ತು-ನಲವತ್ತರ ನಿವೇಶನದಲ್ಲಿ ಮಾವು, ಸಪೋಟ ಬೆಳೆದವರು ಅದನ್ನು ಕಲಿಸಲಾರರು.

“ಈಗ ತೋಟ ಚೆನ್ನಾಗಿಲ್ಲ, ಮಳೆಗಾಲ ಬರಲಿ” ಎಂದೂ ಅನ್ನಿಸಬಹುದು. ಚೆನ್ನಾಗಿಲ್ಲದಾಗಲೇ ಕರೆಯಿರಿ. ದಾಸವಾಳದ ಕುಡಿಗೆ ಬಿಳಿ ಹತ್ತಿಯಂತೆ ಹಿಟ್ಟು ತಿಗಣೆ ಹತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಅದೇ ತಿಗಣೆ ಎದುರು ಮನೆಗೂ ಬಂದಿರುತ್ತದೆ. ಒಂದು ಲೀಟರ್ ನೀರಿಗೆ ಐದು ಮಿಲಿ ಲೀಟರ್ ಬೇವಿನ ಎಣ್ಣೆ, ಎಣ್ಣೆ ನೀರಿನಲ್ಲಿ ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೂ ತಾಗುವಂತೆ ಸಿಂಪರಣೆ. ಇದು ಬಾಯಿಯಲ್ಲಿ ಹೇಳಲು ಸುಲಭ. ಒಮ್ಮೆ ಕಣ್ಣೆದುರು ಮಾಡಿ ತೋರಿಸಿದರೆ ಮತ್ತೆ ಮರೆಯುವುದಿಲ್ಲ.

ಇನ್ನೊಂದು ಹಿಂಜರಿಕೆಯನ್ನು ನಮ್ಮ ಮನೆಯ ಹೆಂಗಸರು ಮೆಲುದನಿಯಲ್ಲಿ ಹೇಳುತ್ತಾರೆ. “ಇಪ್ಪತ್ತು ಜನ ಬಂದರೆ ತಿಂಡಿ ಮಾಡಬೇಡವೇ?” ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಿಜ. ಆದರೆ ಉಪ್ಪಿಟ್ಟು, ಕೇಸರಿಬಾತಿನ ಚಿಂತೆಯಲ್ಲೇ ಎಷ್ಟೋ ತೋಟಗಳ ಬಾಗಿಲು ತೆರೆಯದೇ ಉಳಿದಿವೆ. ಅದಕ್ಕೆ ನಮ್ಮ ಸಂಘ ಒಂದು ನಿಯಮ ಮಾಡಿಕೊಂಡಿದೆ. ಮಜ್ಜಿಗೆ ಅಥವಾ ಪಾನಕ, ಅದರ ಮೇಲೆ ಏನೂ ಇಲ್ಲ. ಲೋಟ ಬಂದವರೇ ತರಬೇಕು. ನೀವೂ ಈ ನಿಯಮವನ್ನು ಧಾರಾಳವಾಗಿ ಬಳಸಿಕೊಳ್ಳಿ. ಮನೆಯೊಡತಿ ಅಡುಗೆಮನೆಯಲ್ಲಿದ್ದರೆ ತೋಟ ತೋರಿಸುವವರು ಯಾರು?

ದೃಷ್ಟಿಯಾಗುತ್ತದೆ ಎಂಬ ಭಯವೂ ಕೆಲವರಿಗಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾರೆ, ಅದರಲ್ಲಿ ಬೆಳೆಸಿದವರ ಅಕ್ಕರೆಯಿದೆ. ಬೂದುಗುಂಬಳ ಕಟ್ಟಿರಿ, ದೃಷ್ಟಿ ಬೊಂಬೆ ನಿಲ್ಲಿಸಿರಿ. ಜೊತೆಗೆ ಗೇಟನ್ನೂ ತೆರೆಯಿರಿ.

ಅನ್ಯರ ತೋಟಕ್ಕೆ ಹೋಗಿ ನೋಡುವುದು ದೊಡ್ಡ ಒಳ್ಳೆಯ ಕೆಲಸಗಳಿಗೂ ಆಸರೆಯಾಗಿದೆ. ಇಂಗ್ಲೆಂಡಿನಲ್ಲಿ 1927ರಲ್ಲಿ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ದಾದಿಯರ ನಿಧಿಗಾಗಿ ಖಾಸಗಿ ತೋಟಗಳನ್ನು ಜನರಿಗೆ ತೆರೆದರು. ತಲೆಗೊಂದು ಶಿಲ್ಲಿಂಗ್ ಶುಲ್ಕ. ಆ ಮೊದಲ ವರ್ಷವೇ 609 ತೋಟಗಳು ತೆರೆದವು, 8,000 ಪೌಂಡ್‌ಗೂ ಹೆಚ್ಚು ಹಣ ಕೂಡಿತು. ಆ ಯೋಜನೆ ಇಂದಿಗೂ ನಡೆಯುತ್ತಿದೆ. ನಾವು ಹಣ ಕೂಡಿಸಬೇಕಿಲ್ಲ. ಬೀದಿಯ ಜನ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಂತಾದರೆ ಅದೇ ನಮ್ಮ ಶಿಲ್ಲಿಂಗ್.

ತೋಟವೇ ಇಲ್ಲದವರಿಗೂ ನನ್ನ ಮಾತಿದೆ. ದಯವಿಟ್ಟು ನೋಡಲು ಬನ್ನಿ. ನೋಡುವವರಿಲ್ಲದೆ ತೋಟದ ಭೇಟಿ ಆಗುವುದಿಲ್ಲ. ಬರುವಾಗ ಕೆಲವು ಸಣ್ಣ ಮರ್ಯಾದೆಗಳನ್ನು ಪಾಲಿಸಿದರೆ ಸಾಕು. ಹೂ ಕೀಳುವ ಮೊದಲು ಕೇಳಿ. ಮನೆಯ ಒಳಭಾಗದ ಫೋಟೋ ತೆಗೆಯಬೇಡಿ. ಕದ್ದ ಗಿಡ ಚೆನ್ನಾಗಿ ಬರುತ್ತದೆ ಎಂಬ ಹಳೆಯ ನಂಬಿಕೆಯನ್ನು ಆ ಒಂದು ದಿನ ಬದಿಗಿಡಿ. ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ತಂದ ಗಿಡವನ್ನು ನೇರವಾಗಿ ನಿಮ್ಮ ಗಿಡಗಳ ನಡುವೆ ಇಡಬೇಡಿ. ಎರಡು ವಾರ ಬೇರೆ ಇಟ್ಟು, ಎಲೆಯಡಿಯಲ್ಲಿ ಕೀಟವಿಲ್ಲವೆಂದು ನೋಡಿಕೊಂಡು ಸೇರಿಸಿ.

ಭೇಟಿಗೆ ಬರುವವರು ಕೈಯಲ್ಲಿ ಒಂದು ವಸ್ತು ತರುವ ರೂಢಿ ಬೆಳೆಸೋಣ. ಅದು ಅಂಗಡಿಯದ್ದಾಗಬೇಕಿಲ್ಲ. ದೊಡ್ಡಪತ್ರೆಯ ಒಂದು ಕಡ್ಡಿ ಸಾಕು, ಎಲ್ಲಿ ಚುಚ್ಚಿದರೂ ಬೇರು ಬಿಡುತ್ತದೆ. ಬಸಳೆಯ ಒಂದು ತುಂಡು ಬಳ್ಳಿ ಸಾಕು. ಚಪ್ಪರದವರೆಯ ಹತ್ತು ಬೀಜ ಸಾಕು. ಬೀಜ ಕೊಡುವಾಗ ಕಾಗದದ ಪೊಟ್ಟಣದ ಮೇಲೆ ಮೂರು ವಿಷಯ ಬರೆಯಿರಿ: ಗಿಡದ ಹೆಸರು, ಬೀಜ ತೆಗೆದ ತಿಂಗಳು, ಯಾವ ಊರಿನ ಮೂಲದ್ದು. ಅಂಗಡಿಯ ಹೈಬ್ರಿಡ್ ಬೀಜದ ಫಲದಿಂದ ತೆಗೆದ ಬೀಜ ತಾಯಿಯ ಗುಣವನ್ನು ಹಾಗೆಯೇ ಕೊಡುವುದಿಲ್ಲ. ನಾಟಿ ಬೀಜ ಕೊಡುತ್ತದೆ. ಉಡುಪಿಯ ಮಟ್ಟು ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದು ಅಲ್ಲಿಯತನಕ ಉಳಿದು ಬಂದದ್ದು ಬೆಳೆಗಾರರ ಮನೆಗಳಲ್ಲಿ ವರ್ಷವರ್ಷವೂ ಬೀಜ ಎತ್ತಿಟ್ಟ ಕೈಗಳಿಂದ. ನಿಮ್ಮ ಅಮ್ಮನ ಕಾಲದ ಅವರೆಯೂ ಅಷ್ಟೇ ಬೆಲೆಯದು.

ನೀರಿನ ವಿಷಯದಲ್ಲಿ ನಾವೆಲ್ಲ ಇನ್ನಷ್ಟು ಎಚ್ಚರವಾಗಬೇಕು. 2024ರ ಬೇಸಿಗೆ ನೆನಪಿರಬೇಕಲ್ಲವೇ? ಕೊಳವೆ ಬಾವಿಗಳು ಒಣಗಿದವು. ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಆ ಮಾರ್ಚ್‌ನಲ್ಲಿ ಆದೇಶ ಮಾಡಿತು. ತೋಟದವರಿಗೆ ಮುಜುಗರವಾದ ದಿನಗಳು ಅವು. ಆದರೆ ಆ ಬೇಸಿಗೆಯಲ್ಲೇ ನಾವು ಕಲಿತೆವು. ಅಕ್ಕಿ, ಬೇಳೆ ತೊಳೆದ ನೀರು ಗಿಡಕ್ಕೆ ಹೋಯಿತು. ಸೊಪ್ಪು ತೊಳೆದ ನೀರು ಬಕೆಟ್ಟಿಗೆ ಬಂತು. ಕುಂಡದ ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ ಹಾಕಿದ ಮನೆಗಳಲ್ಲಿ ಎರಡು ದಿನಕ್ಕೊಮ್ಮೆ ನೀರು ಸಾಕಾಯಿತು. ಬೀದಿ ಗುಡಿಸಿದ ಎಲೆಯನ್ನು ಸುಡುತ್ತಿದ್ದವರು ಚೀಲಕ್ಕೆ ತುಂಬಿ ನಮಗೆ ಕೊಡತೊಡಗಿದರು. ನಿಮ್ಮ ಬೀದಿಯಲ್ಲೂ ಇದು ಸಾಧ್ಯ. ಎಲೆ ಸುಡುವವರನ್ನು ಬೈಯಬೇಕಾಗಿಲ್ಲ. ಒಂದು ಖಾಲಿ ಗೋಣಿಚೀಲ ಕೈಗೆ ಕೊಟ್ಟು ನೋಡಿ.

ಅಡುಗೆಮನೆಯ ಹಸಿ ಕಸವೂ ಹಾಗೆಯೇ. ಗೊಬ್ಬರದ ಡಬ್ಬಿಯಲ್ಲಿ ಬಿಳಿ ಹುಳು ಕಂಡೊಡನೆ ಹೆದರಿ ಎಲ್ಲವನ್ನೂ ಕಸದ ಗಾಡಿಗೆ ಸುರಿದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಹುಳುಗಳು ಕಸವನ್ನು ತಿಂದು ನಮ್ಮ ಕೆಲಸವನ್ನೇ ಮಾಡುತ್ತಿರುತ್ತವೆ. ಒಣ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಒಂದೆರಡು ಹಿಡಿ ಹೆಚ್ಚು ಹಾಕಿ ಕೆದಕಿದರೆ ವಾಸನೆ ನಿಲ್ಲುತ್ತದೆ. ಇದನ್ನು ಓದಿ ನಂಬುವುದು ಕಷ್ಟ. ಪಕ್ಕದ ಮನೆಯವರ ಡಬ್ಬಿಯ ಮುಚ್ಚಳ ತೆಗೆದು, ಮಳೆಯ ಮಣ್ಣಿನ ವಾಸನೆ ಬಂದದ್ದನ್ನು ಮೂಗು ಕಂಡರೆ ನಂಬಿಕೆ ತಾನಾಗಿ ಬರುತ್ತದೆ.

ಒಂದು ಮಾತು ತೋಟದವರೇ ತಮಗೆ ಹೇಳಿಕೊಳ್ಳಬೇಕಾದದ್ದು. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೆರಡು ಸಲ ಚೆಲ್ಲಿ. ಖಾಲಿ ಕುಂಡಗಳನ್ನು ಬೋರಲು ಹಾಕಿ. ನಮ್ಮ ತೋಟ ಪಕ್ಕದ ಮನೆಯ ಮಗುವಿಗೆ ಜ್ವರ ತರಬಾರದು. ಈ ಕಾಳಜಿಯಿದ್ದರೆ ತೋಟದ ಮೇಲೆ ನೆರೆಯವರ ಪ್ರೀತಿ ಹೆಚ್ಚುತ್ತದೆ.

ಮನೆಮಾಲೀಕರಲ್ಲಿಯೂ, ಅಪಾರ್ಟ್‌ಮೆಂಟ್ ಸಮಿತಿಗಳಲ್ಲಿಯೂ ಒಂದು ವಿನಂತಿ. ತಾರಸಿ ಸೋರುತ್ತದೆಂಬ ನಿಮ್ಮ ಅಂಜಿಕೆ ಸಕಾರಣವಾದದ್ದು. ಬಾಡಿಗೆದಾರರಿಗೆ ಒಮ್ಮೆಲೇ ಬೇಡವೆನ್ನುವ ಬದಲು ಹೇಗೆ ಇಡಬಹುದೆಂದು ಹೇಳಿ. ಕುಂಡಗಳನ್ನು ಇಟ್ಟಿಗೆಯ ಮೇಲೋ ಸ್ಟ್ಯಾಂಡಿನ ಮೇಲೋ ಇಟ್ಟು ಅಡಿಯಲ್ಲಿ ಗಾಳಿಯಾಡಲು ಬಿಡುವುದು. ಭಾರದ ಕುಂಡಗಳು ತೊಲೆ, ಗೋಡೆಯ ಸಾಲಿನಲ್ಲಿರುವುದು. ಬರೀ ಕೆಮ್ಮಣ್ಣಿನ ಬದಲು ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿ ತೂಕ ಇಳಿಸುವುದು. ಇಷ್ಟಕ್ಕೆ ಒಪ್ಪಿದವರ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಮೇಲಿನ ಕೋಣೆ ಎಷ್ಟು ತಂಪಾಗಿರುತ್ತದೆಂದು ಒಮ್ಮೆ ನಿಂತು ನೋಡಿ.

ನಿಮ್ಮ ಬಡಾವಣೆಯಲ್ಲಿ ಸಂಘವಿಲ್ಲದಿದ್ದರೆ ನೀವೇ ಶುರು ಮಾಡಬಹುದು. ಐದು ಮನೆ ಸಾಕು. ಮೊದಲ ಭೇಟಿ ನಿಮ್ಮ ಮನೆಯಲ್ಲಿರಲಿ, ಮುಂದಿನದಕ್ಕೆ ಅಲ್ಲೇ ಒಬ್ಬರು ಒಪ್ಪುತ್ತಾರೆ. ಅಧ್ಯಕ್ಷರು, ಕಾರ್ಯದರ್ಶಿಗಳ ಆಯ್ಕೆಯನ್ನು ಆದಷ್ಟು ಮುಂದಕ್ಕೆ ಹಾಕಿ. ಮುಂದೊಂದು ದಿನ ನೋಂದಣಿ ಬೇಕೆನಿಸಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಆಯಿತು. ಆದರೆ ಅಲ್ಲಿಯವರೆಗೆ ಬೇಕಾಗುವುದು ಒಂದು ನೋಟ್‌ಪುಸ್ತಕ. ಯಾರ ಮನೆಗೆ ಹೋದೆವು, ಏನು ನೋಡಿದೆವು, ಯಾವ ಗಿಡ ಯಾರಿಂದ ಯಾರಿಗೆ ಹೋಯಿತು ಎಂದು ಅದರಲ್ಲಿ ಬರೆಯಿರಿ. ನಮ್ಮ ಪುಸ್ತಕದಲ್ಲಿ ಒಂದು ಮಲ್ಲಿಗೆ ಗಿಡ ಆರು ಮನೆ ದಾಟಿದ ದಾಖಲೆಯಿದೆ. ಮೂಲ ಗಿಡ ಒಣಗಿಹೋದಾಗ ಅದರ ಒಡತಿಗೆ ಅದೇ ಬಳ್ಳಿಯ ಕಡ್ಡಿ ಆರನೇ ಮನೆಯಿಂದ ಮರಳಿ ಬಂತು.

ಲಾಲ್‌ಬಾಗಿಗೆ ನೀವು ಹೋಗಲೇಬೇಕು. ಹೈದರಾಲಿಯ ಕಾಲದಲ್ಲಿ, 1760ರ ಸುಮಾರಿಗೆ ಶುರುವಾಗಿ ಈಗ 240 ಎಕರೆಗೆ ಹಬ್ಬಿದ ಆ ತೋಟ ನಮ್ಮೆಲ್ಲರದು. ಅಲ್ಲಿ ನಿಂತು ಬೆರಗಾಗಿ. ಬರುವಾಗ ಸೇವಂತಿಗೆ ಗಿಡ ತನ್ನಿ. ಅದನ್ನು ಕುಂಡಕ್ಕೆ ಹಾಕಿದ ಮೇಲೆ ಮಾಡಬೇಕಾದ ಒಂದು ಕೆಲಸ ಉಳಿದಿರುತ್ತದೆ. ಪಕ್ಕದ ಮನೆಯ ಬೆಲ್ ಒತ್ತಿ, “ಭಾನುವಾರ ಬೆಳಿಗ್ಗೆ ಬಿಡುವಿದ್ದರೆ ನಮ್ಮ ಮಹಡಿಗೆ ಬನ್ನಿ, ಗಿಡ ನೋಡುವಿರಂತೆ” ಎಂದು ಹೇಳಿ. ಹೀರೆ ಬಳ್ಳಿಯಿದ್ದರೆ ಮಾತ್ರ ಸಂಜೆ ಆರೂವರೆಗೆ ಕರೆಯಿರಿ.